ಮಸಿಬಟ್ಟೆಗೂ ಅಂಕ ಇದೆ

ನಮ್ಮದು ಕಾರವಾರದಲ್ಲಿ ಎಂಟು ಟೇಬಲ್ಲಿನ ಮೀನೂಟದ ಖಾನಾವಳಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅನ್ನ, ಬಂಗಡೆ ಸಾರು, ಒಂದು ಫ್ರೈ, ಕುಡಿಯಲು ಕೋಕಂನ ಸೋಲ್ ಕಡಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಕೂರಲು ಜಾಗ ಸಿಗುವುದಿಲ್ಲ. ಹೀಗಿರುವಾಗ ಸ್ವಚ್ಛತೆಯ ರೇಟಿಂಗ್ ಮಾಡಿಸೋಣ ಎಂದರೆ ಅಪ್ಪ ಹೇಗೆ ಒಪ್ಪುತ್ತಾರೆ? "ಯಾರೋ ಬಂದು ಅಂಕ ಕೊಡೋಕೆ ನಮ್ಮದೇನು ಎಸ್ಸೆಸ್ಸೆಲ್ಸಿ ಪರೀಕ್ಷೆನಾ?" ಎಂದರು.

ಇದು ಶುರುವಾಗಿದ್ದು ಬಣ್ಣದಿಂದ. ನಾವು ಫ್ರೈ ಮಸಾಲೆಗೆ ಚಿಟಿಕೆ ಕೆಂಪು ಬಣ್ಣ ಹಾಕುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ. ಜೂನ್ 2024ರಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೋಳಿ, ಮೀನು, ತರಕಾರಿ ಎಲ್ಲ ಕಬಾಬಿಗೂ ಸೇರಿಸಿ. 39 ಮಾದರಿ ಪರೀಕ್ಷೆಗೆ ಕಳಿಸಿದ್ದರಲ್ಲಿ 8 ಸುರಕ್ಷಿತವಲ್ಲ ಎಂದು ಬಂದಿತ್ತು. ನಮ್ಮದು ಕಬಾಬ್ ಅಲ್ಲ, ತವಾ ಫ್ರೈ ಅಂತ ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಬಣ್ಣದ ಡಬ್ಬಿ ಬಿಸಾಡಿ ಬ್ಯಾಡಗಿ ಮೆಣಸು ಜಾಸ್ತಿ ಮಾಡಿದೆ. ಒಂದು ವಾರದೊಳಗೆ ಮೂವರು ಗಿರಾಕಿಗಳು ಕೇಳಿದರು, "ಏನ್ರೀ, ಮೀನು ಬಿಳಿಚಿಕೊಂಡಿದೆ, ಹಳೇದಾ?"

ಹೊಟ್ಟೆ ಉರಿಯಿತು. ಒಳ್ಳೆಯದು ಮಾಡಿದರೆ ಹಳಸಿದ್ದು ಅನ್ನಿಸಿಕೊಳ್ಳಬೇಕಾ? ಅಡುಗೆಮನೆಯಲ್ಲಿ ಏನಾಗುತ್ತದೆ ಅನ್ನುವುದು ಟೇಬಲ್ಲಿನಲ್ಲಿ ಕೂತವರಿಗೆ ಕಾಣುವುದಿಲ್ಲ. ನಾನೇ ಹೇಳಿದರೆ ಯಾರೂ ನಂಬುವುದಿಲ್ಲ. ಹೊರಗಿನವರು ನೋಡಿ ಹೇಳಲಿ ಅನ್ನಿಸಿದ್ದು ಆಗಲೇ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಈ ರೇಟಿಂಗ್ ಕಡ್ಡಾಯವಲ್ಲ. ಲೈಸೆನ್ಸ್ ಅಥವಾ ನೋಂದಣಿ ಕಡ್ಡಾಯ, ಅದರ 14 ಅಂಕಿಯ ನಂಬರನ್ನು 2022ರಿಂದ ಬಿಲ್ಲಿನ ಮೇಲೂ ಹಾಕಬೇಕು. ರೇಟಿಂಗ್ ಬೇಕು ಅನ್ನುವವರು ಮೊದಲು ತಮ್ಮನ್ನು ತಾವೇ ಒಂದು ಪಟ್ಟಿ ಹಿಡಿದು ನೋಡಿಕೊಳ್ಳಬೇಕು. ಆಮೇಲೆ ಪ್ರಾಧಿಕಾರ ಒಪ್ಪಿದ ಆಡಿಟ್ ಸಂಸ್ಥೆಯವರನ್ನು ಕರೆಸಬೇಕು. ಖರ್ಚು ನಮ್ಮದೇ. ಅವರು ಒಂದರಿಂದ ಐದು ನಗುಮುಖ ಕೊಡುತ್ತಾರೆ. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ. ಅದನ್ನು ಗಿರಾಕಿಗೆ ಕಾಣುವ ಹಾಗೆ ಹಾಕಬೇಕು. ಹೋಟೆಲ್, ಬೇಕರಿ, ಮಿಠಾಯಿ ಅಂಗಡಿ, ಮಾಂಸದ ಅಂಗಡಿ ಎಲ್ಲರಿಗೂ ಇದು ಇದೆ.

ಪಟ್ಟಿ ಹಿಡಿದು ನಾನೇ ಅಂಕ ಹಾಕಿಕೊಂಡೆ. ಬಂತು ನೋಡಿ, ಭರ್ಜರಿ ಫಸ್ಟ್ ಕ್ಲಾಸ್. ನನಗೇ ಅನುಮಾನ ಬಂತು. ನನ್ನ ತಂಗಿ ನರ್ಸ್. ಅವಳ ಕೈಗೆ ಪಟ್ಟಿ ಕೊಟ್ಟು, ಒಂದು ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಕೂರಿಸಿದೆ. ಏನೂ ಮಾತಾಡಬೇಡ, ಸುಮ್ನೆ ನೋಡು ಅಂದೆ.

ಅವಳು ಪಟ್ಟಿ ಮಡಿಸಿ ಪಕ್ಕಕ್ಕಿಟ್ಟು ಒಂದೇ ವಸ್ತುವಿನ ಹಿಂದೆ ಬಿದ್ದಳು. ಮಸಿಬಟ್ಟೆ. ನಮ್ಮಲ್ಲಿ ಹದಿನೆಂಟು ವರ್ಷದಿಂದ ಅಡುಗೆ ಮಾಡುವವರನ್ನು ಎಲ್ಲರೂ ಮಾವಶಿ ಅಂತಲೇ ಕರೆಯುತ್ತೇವೆ. ಮಾವಶಿಯ ಎಡ ಹೆಗಲ ಮೇಲೆ ಯಾವಾಗಲೂ ಒಂದು ಹಳೇ ಲುಂಗಿ ತುಂಡು. ಅದರಿಂದ ಸಾರಿನ ಪಾತ್ರೆ ಇಳಿಸಿದರು. ಅದರಿಂದಲೇ ಮೀನು ಹೆಚ್ಚಿದ ಮೆಟ್ಟುಗತ್ತಿ ಒರೆಸಿದರು. ಕಟ್ಟೆಯ ಮೇಲೆ ಚೆಲ್ಲಿದ ಮೀನಿನ ನೀರು ಒರೆಸಿದರು. ಬೆವರು ಒರೆಸಿಕೊಂಡರು. ಕೊನೆಗೆ ಬಡಿಸಿದ ತಾಟಿನ ಅಂಚಿಗೆ ಸಾರು ತಾಗಿದ್ದನ್ನು ಅದೇ ಬಟ್ಟೆಯಿಂದ ನೀಟಾಗಿ ಒರೆಸಿ ಹುಡುಗನ ಕೈಗೆ ಕೊಟ್ಟರು. ತಾಟು ಚೊಕ್ಕ ಕಾಣಲಿ ಅಂತ! ತಂಗಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಳು. "ಅಣ್ಣಾ, ಒಂದು ಗಂಟೆಯಲ್ಲಿ ಈ ಬಟ್ಟೆ ಹದಿನೇಳು ಕೆಲಸ ಮಾಡಿತು. ಒಂದು ಸಲವೂ ನೀರು ಕಂಡಿಲ್ಲ."

ನಾನು ಟೈಲ್ಸ್ ಬದಲಿಸುವ ಯೋಚನೆಯಲ್ಲಿದ್ದೆ. ಹಸಿ ಮೀನಿನಿಂದ ಹೊರಟ ಕೊಳೆ ಊಟದ ತಾಟಿನ ತನಕ ಹೋಗುವ ದಾರಿ ಟೈಲ್ಸ್ ಮೇಲೆ ಇರಲೇ ಇಲ್ಲ, ಮಾವಶಿಯ ಹೆಗಲ ಮೇಲಿತ್ತು.

ಬಣ್ಣಬಣ್ಣದ ಬಟ್ಟೆ ತಂದೆ. ಮೀನಿನ ಕಟ್ಟೆಗೆ ನೀಲಿ, ಟೇಬಲ್ಲಿಗೆ ಹಸಿರು, ಪಾತ್ರೆ ಇಳಿಸಲು ಹಳದಿ. ಮೂರು ವಾರ ಇದು ಪೂರ್ತಿ ಫೇಲ್. ಮಧ್ಯಾಹ್ನ ಒಂದರ ಹೊತ್ತಿಗೆ ಮೂರೂ ಬಟ್ಟೆ ಮಾವಶಿಯ ಹೆಗಲ ಮೇಲೇ ಇರುತ್ತಿದ್ದವು, ಬಾವುಟದ ಹಾಗೆ. ಬೈದರೆ ಬೇಜಾರು ಮಾಡಿಕೊಳ್ಳುತ್ತಾರೆ. ರಶ್ಶಿನಲ್ಲಿ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ, ಅವರೇನು ಮಾಡಬೇಕು? ಕೊನೆಗೆ ತಂಗಿಯೇ ಉಪಾಯ ಹೇಳಿದಳು. ಬಟ್ಟೆಗಳನ್ನು ಕರವಸ್ತ್ರದಷ್ಟು ಚಿಕ್ಕದಾಗಿ ಕತ್ತರಿಸಿದೆವು. ಹೆಗಲ ಮೇಲೆ ಹಾಕಿದರೆ ಜಾರಿ ಬೀಳುತ್ತದೆ! ಮೂಲೆಗೊಂದು ಕುಣಿಕೆ ಹೊಲಿಸಿ ಆಯಾ ಜಾಗದಲ್ಲೇ ಮೊಳೆಗೆ ನೇತು ಹಾಕಿದೆವು. ಪಾತ್ರೆ ಇಳಿಸಲು ಇಕ್ಕಳ ಬಂತು. ತಾಟಿನ ಅಂಚಿಗೆ ಕಾಗದದ ಟಿಶ್ಯೂ. ದಿನಕ್ಕೆ ಎರಡು ಸಲ ಎಲ್ಲ ಬಟ್ಟೆ ಸೋಪು ನೀರಿನಲ್ಲಿ ಕುದಿಯುತ್ತವೆ. ಈಗ ಮಾವಶಿಯ ಹೆಗಲು ಖಾಲಿ. ಏನೋ ಕಳಕೊಂಡ ಹಾಗೆ ಆಗುತ್ತದೆ ಅಂತ ಒಮ್ಮೊಮ್ಮೆ ಹೇಳುತ್ತಾರೆ.

ಎರಡನೇ ಪಾಠ ಬಂಗಡೆಯದು. ಬೈತಕೋಲ್ ಬಂದರಿನಿಂದ ನಮ್ಮಲ್ಲಿಗೆ ಮೀನು ಬರಲು ಹೆಚ್ಚು ಹೊತ್ತು ಬೇಡ. ತಾಜಾ ಮೀನು, ಮತ್ತೇನು ಚಿಂತೆ ಅಂದುಕೊಂಡಿದ್ದೆ. ಆದರೆ ಬುಟ್ಟಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಮಾವಶಿ ಕಾಯಿ ತುರಿದು, ಈರುಳ್ಳಿ ಹೆಚ್ಚಿ ಮುಗಿಸುವ ತನಕ. ಏಪ್ರಿಲ್ ಬಿಸಿಲಿನಲ್ಲಿ ಒಂದೂವರೆ ಗಂಟೆ. ಬಂಗಡೆ, ತಾರ್ಲೆಯಂಥ ಮೀನು ಬೆಚ್ಚಗೆ ಇದ್ದರೆ ಅದರೊಳಗೆ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ನೋಯುತ್ತದೆ. ಮೀನು ಆಗಿಬರಲಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಕೆಟ್ಟ ಸಂಗತಿ ಏನೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. "ಚೆನ್ನಾಗಿ ಬೇಯಿಸಿದರೆ ಆಯ್ತು" ಅನ್ನುವ ನಮ್ಮ ಧೈರ್ಯ ಇಲ್ಲಿ ನಡೆಯುವುದಿಲ್ಲ. ಈಗ ಬುಟ್ಟಿ ಬಂದ ತಕ್ಷಣ ಐಸ್ ಪೆಟ್ಟಿಗೆಗೆ. ಒಂದು ಪದರ ಐಸ್, ಒಂದು ಪದರ ಮೀನು. ಎಷ್ಟು ಬೇಕೋ ಅಷ್ಟೇ ಹೊರಗೆ ತೆಗೆದು ಹೆಚ್ಚುತ್ತಾರೆ.

ಐಸ್ ಅಂದೆನಲ್ಲ, ಇನ್ನೊಂದು ನಾಚಿಕೆಗೇಡು ಹೇಳುತ್ತೇನೆ. ಮೀನಿನ ಪೆಟ್ಟಿಗೆಯ ಐಸನ್ನೇ ಚಚ್ಚಿ ಹುಡುಗ ಕೋಕಂ ಶರಬತ್ತಿಗೆ ಹಾಕುತ್ತಿದ್ದ. ಎಷ್ಟು ದಿನದಿಂದಲೋ! ಈಗ ಶರಬತ್ತಿಗೆ ಫ್ರಿಜ್ಜಿನಲ್ಲಿ ನಾವೇ ಮಾಡಿದ ಐಸ್. ಸಾಲದಿದ್ದ ದಿನ ಶರಬತ್ತು ತಣ್ಣಗಿರುವುದಿಲ್ಲ, ಅಷ್ಟೇ.

ನೀರಿನ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ನಮ್ಮದು ಬಾವಿ ನೀರು. ಕುಡಿಯುವ ನೀರಿನ ಐಎಸ್ 10500 ಮಟ್ಟಕ್ಕೆ ಇದೆಯಾ ಅಂತ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ವರದಿ ಇಡಬೇಕು. ಮಳೆಗಾಲದಲ್ಲಿ ಮಾದರಿ ಕಳಿಸಿದೆ. ಕೋಲಿಫಾರ್ಮ್ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಬಂತು. "ನಲವತ್ತು ವರ್ಷ ಇದೇ ನೀರು ಕುಡಿದಿದ್ದೇನೆ, ನನಗೇನಾಗಿದೆ?" ಎಂದರು ಅಪ್ಪ. ನಿಮಗೆ ರೂಢಿಯಾಗಿದೆ, ಹುಬ್ಬಳ್ಳಿಯಿಂದ ಬಂದ ಮಗುವಿಗೆ ಆಗಿಲ್ಲವಲ್ಲ ಅಂದೆ. ಎರಡು ದಿನ ಮಾತು ಬಿಟ್ಟರು. ಆಮೇಲೆ ಅವರೇ ಮೇಸ್ತ್ರಿಯನ್ನು ಕರೆತಂದು ಬಾವಿಕಟ್ಟೆ ಎತ್ತರಿಸಿ, ಸುತ್ತ ಸಿಮೆಂಟ್ ಹಾಕಿಸಿದರು. ಅಂಗಳದ ಮಳೆನೀರು ಬಾವಿಗೆ ಇಳಿಯುತ್ತಿದ್ದದ್ದು ನಿಂತಿತು. ಬ್ಲೀಚಿಂಗ್ ಪೌಡರ್ ಹಾಕುವುದು ಶುರುವಾಯಿತು, ಒಳಗೆ ಯುವಿ ಫಿಲ್ಟರ್ ಬಂತು. ಮುಂದಿನ ವರದಿ ಚೊಕ್ಕ ಬಂತು. ಅದನ್ನು ಅಪ್ಪ ಗಲ್ಲಾಪೆಟ್ಟಿಗೆಯ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಚರಂಡಿ, ನೆಲ, ಕಿಟಕಿಯ ಜಾಲರಿ ಇವೆಲ್ಲ ಜುಲೈನಲ್ಲಿ ಮುಗಿಸಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ನಮಗೂ ವ್ಯಾಪಾರ ಕಡಿಮೆ. ಕರಾವಳಿಯಲ್ಲಿ ರಿಪೇರಿಗೆ ಅದೇ ಸರಿಯಾದ ಕಾಲ. ಸಿಮೆಂಟ್ ಮಾತ್ರ ಒಣಗುವುದಿಲ್ಲ, ಅದು ಬೇರೆ ಕಥೆ.

ಕಾಗದಪತ್ರ ಬೇಸರದ ಕೆಲಸ. ಆರು ಜನರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ. 25 ಕೆಲಸಗಾರರಿಗೆ ಒಬ್ಬರಂತೆ ತರಬೇತಿ ಪಡೆದವರು ಇರಬೇಕು, ಹಾಗಾಗಿ ಪ್ರಾಧಿಕಾರದ ಆಹಾರ ಸುರಕ್ಷತೆ ತರಬೇತಿಗೆ, ಫಾಸ್ಟ್ಯಾಕ್ ಅನ್ನುತ್ತಾರೆ, ನಾನೇ ಹೋಗಿ ಬಂದೆ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಬಾರದು ಅನ್ನುವ ನಿಯಮ 2018ರಿಂದ ಇದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಫ್ರಿಜ್ಜಿನ ಉಷ್ಣತೆ ಬರೆಯುವ ಪುಸ್ತಕಕ್ಕೆ ದಾರ ಕಟ್ಟಿ ಪೆನ್ನು ನೇತು ಹಾಕಿದ್ದೇವೆ. ದಾರ ಇಲ್ಲದಿದ್ದರೆ ಪೆನ್ನು ಸಂಜೆಯೊಳಗೆ ಮಾಯ.

ಆಡಿಟ್‌ಗೆ ಬಂದವರು ಹೊಸ ಟೈಲ್ಸನ್ನು ನೋಡಲೇ ಇಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು. ಸೀದಾ ಫ್ರಿಜ್ ತೆಗೆದು ಹಸಿ ಮೀನು ಎಲ್ಲಿದೆ ನೋಡಿದರು. ಕೆಳಗಿನ ಖಾನೆಯಲ್ಲಿತ್ತು, ಬಚಾವ್. ಮೇಲಿದ್ದರೆ ಅದರ ನೀರು ಮೊಸರಿಗೆ ಸೋರುತ್ತದೆ. ಒಳಗೆ 5 ಡಿಗ್ರಿ ದಾಟಿಲ್ಲ ಅನ್ನುವುದನ್ನು ತಮ್ಮದೇ ಥರ್ಮಾಮೀಟರ್ ಇಟ್ಟು ನೋಡಿದರು. ಆಮೇಲೆ ಹುಡುಗನನ್ನು ಕರೆದು "ಕೈ ತೊಳಿ ನೋಡೋಣ" ಎಂದರು. ಅವನು ಪಾತ್ರೆ ತೊಳೆಯುವ ಸಿಂಕಿಗೇ ಹೋದ. ಪಕ್ಕದಲ್ಲೇ ಕೈ ತೊಳೆಯುವ ಬೇಸಿನ್ ಇತ್ತು. ಅದರೊಳಗೆ ಕೊತ್ತಂಬರಿ ಸೊಪ್ಪು ನೆನೆಹಾಕಿದ್ದರು! ನಾನು ಬೆಳಿಗ್ಗೆ ನಾಲ್ಕು ಸಲ ಅಡುಗೆಮನೆ ಸುತ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಮಾವಶಿಗೆ ಉಳಿದ ಸಾರನ್ನು ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಮಾವಶಿ ಕೊಂಕಣಿಯಲ್ಲಿ ಉತ್ತರ ಕೊಟ್ಟರು. ನಾನು ನಡುವೆ ನಿಂತು ಹೇಳುವ ಮೊದಲೇ ಮಾವಶಿಯೇ ಕೈ ಮಾಡಿ ತೋರಿಸಿದರು, ಕೊತಕೊತ ಕುದಿಸುವುದು, ಇನ್ನೂ ಉಳಿದರೆ ಚೆಲ್ಲುವುದು. ಮತ್ತೆ ಬಿಸಿ ಮಾಡುವಾಗ ನಡುಭಾಗ 75 ಡಿಗ್ರಿ ಮುಟ್ಟಬೇಕು ಅಂತ ನಿಯಮ. ಮಾವಶಿ ಡಿಗ್ರಿ ನೋಡುವವರಲ್ಲ. ಆದರೆ ಅವರ ಕುದಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ನಾಲ್ಕು ನಗುಮುಖ ಬಂತು. ಬೇಸಿನ್ ಒಂದು ಕಾರಣ. ಅಕ್ಕಿ ಚೀಲಗಳು ಗೋಡೆಗೆ ಒರಗಿದ್ದವು, ಅದು ಇನ್ನೊಂದು.

"ಒಂದು ಎಲ್ಲಿ ಹೋಯ್ತು?" ಅಂದರು ಅಪ್ಪ. ಸರ್ಟಿಫಿಕೇಟನ್ನು ಗಲ್ಲಾಪೆಟ್ಟಿಗೆಯ ಹಿಂದೆ ಹಾಕಿದ ಮೇಲೆ ಗಿರಾಕಿಗಳೂ ಅದನ್ನೇ ಕೇಳಿದರು. ಇದು ನನಗೆ ನಿಜಕ್ಕೂ ಕಿರಿಕಿರಿ. ಅಂಕವೇ ಹಾಕಿಸದ ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾಲ್ಕು ಬಂದವನು ಉತ್ತರ ಕೊಡುತ್ತಾ ಕೂರಬೇಕು. ಸ್ವಂತ ಇಷ್ಟದ ರೇಟಿಂಗಿನ ದೋಷ ಇದೇ ಅಂತ ನನ್ನ ಅಭಿಪ್ರಾಯ. ಒಂದು ಎರಡು ಬರುವಂಥವರು ಪರೀಕ್ಷೆಗೇ ಕೂರುವುದಿಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಿಂದ ಸೊನ್ನೆಯಿಂದ ಐದರವರೆಗಿನ ಅಂಕವನ್ನು ಬಾಗಿಲಲ್ಲಿ ಹಾಕುವುದು ಕಡ್ಡಾಯ. ಸೊನ್ನೆ ಬಂದರೂ ಹಾಕಬೇಕು. ಅಂಕ ಕೊಡುವವರೂ ಸ್ಥಳೀಯ ಆಡಳಿತದವರು, ಅಂಗಡಿಯವನೇ ದುಡ್ಡು ಕೊಟ್ಟು ಕರೆಸಿದವರಲ್ಲ. ಡೆನ್ಮಾರ್ಕಿನಲ್ಲಿ 2001ರಿಂದ ನಗುಮುಖದ ಜೊತೆ ಅಳುಮುಖವೂ ಇದೆ. ನಮ್ಮಲ್ಲಿ ಎಲ್ಲ ಬರೀ ನಗು.

ವ್ಯಾಪಾರ ಹೆಚ್ಚಾಯಿತಾ ಅಂತ ಕೇಳುವವರಿಗೆ: ಹೇಳಿಕೊಳ್ಳುವಷ್ಟು ಇಲ್ಲ. ದಿನಾ ಬರುವವರು ಆ ಕಾಗದದ ಕಡೆ ತಿರುಗಿಯೂ ನೋಡುವುದಿಲ್ಲ. ಹೆದ್ದಾರಿಯಲ್ಲಿ ಗೋವಾಕ್ಕೆ ಹೋಗುವ ಕುಟುಂಬಗಳು, ಅದರಲ್ಲೂ ಚಿಕ್ಕ ಮಕ್ಕಳಿದ್ದವರು, ನಿಂತು ಓದುತ್ತಾರೆ. ಆದರೆ ಹಾಳಾಗಿ ಎಸೆಯುವ ಮೀನು ಕಡಿಮೆಯಾಗಿದೆ. ಐಸ್ ಪೆಟ್ಟಿಗೆಯ ದುಡ್ಡು ಅದರಲ್ಲೇ ಹುಟ್ಟಿತು.

ಸರ್ಟಿಫಿಕೇಟಿನ ಅವಧಿ ಮುಗಿಯುತ್ತಾ ಬಂತು. ಅಕ್ಕಿ ಚೀಲಕ್ಕೆ ಮರದ ಹಲಗೆ ಮಾಡಿಸಿದ್ದೇನೆ, ಗೋಡೆಯಿಂದ ಒಂದು ಗೇಣು ದೂರ. ಬೇಸಿನ್ನಿಗೆ ಕಾಲಿನಿಂದ ಒತ್ತುವ ನಲ್ಲಿ ಹಾಕಿಸಬೇಕು, ಆಗ ಅದರಲ್ಲಿ ಯಾರೂ ಕೊತ್ತಂಬರಿ ತೊಳೆಯುವುದಿಲ್ಲ ಅನ್ನುವುದು ತಂಗಿಯ ಲೆಕ್ಕ. ನಲ್ಲಿ ತಂದಿಟ್ಟಾಗಿದೆ. ಪ್ಲಂಬರ್ "ನಾಳೆ ಬರ್ತೆ" ಅಂದು ಇವತ್ತಿಗೆ ಎಂಟು ದಿನ.