ನಮೀಬಿಯಾದ ಮರುಭೂಮಿಗೆ ಬಾಡಿಗೆ ಕಾರು ಆರಿಸುವವರಿಗೆ

ನಮೀಬಿಯಾದ ಸೊಸುಸ್‌ವ್ಲೇ ಮರಳುದಿಬ್ಬಗಳನ್ನು ನೋಡಲು ರಾಜಧಾನಿ ವಿಂಡ್‌ಹುಕ್‌ನಿಂದ ಸ್ವತಃ ಕಾರು ಓಡಿಸಿಕೊಂಡು ಹೋಗುವವರು ಮೊದಲು ಬಾಡಿಗೆ ದರವನ್ನಲ್ಲ, ಟೈರುಗಳನ್ನು ನೋಡಬೇಕು. ದಿಬ್ಬಗಳಿಗೆ ಹೋಗುವ ಪ್ರವೇಶದ್ವಾರವಿರುವ ಸೆಸ್ರಿಯೆಮ್‌ವರೆಗಿನ ಸುಮಾರು 350 ಕಿ.ಮೀ. ದಾರಿಯ ಬಹುಪಾಲು ಜಲ್ಲಿರಸ್ತೆಯಾಗಿದ್ದು, ಚೂಪುಗಲ್ಲುಗಳಿಂದ ಪಂಕ್ಚರ್ ಆಗುವುದು ಅಲ್ಲಿ ತೀರ ಸಾಮಾನ್ಯವಾದ್ದರಿಂದ, ಎರಡು ಸ್ಟೆಪ್ನಿಗಳಿರುವ ವಾಹನವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಜಾಕ್ ಮತ್ತು ಸ್ಪಾನರ್ ಇವೆಯೇ ಎಂದು ಕಾರು ಪಡೆಯುವಾಗಲೇ ಪರೀಕ್ಷಿಸಿಕೊಳ್ಳಿ.

ಫೋರ್ ವೀಲ್ ಡ್ರೈವ್ ಕಡ್ಡಾಯವೇನಲ್ಲ. ಸೆಸ್ರಿಯೆಮ್ ಗೇಟಿನಿಂದ ಒಳಗೆ 60 ಕಿ.ಮೀ.ವರೆಗೆ ಡಾಂಬರು ರಸ್ತೆಯೇ ಇದೆ. ಕೊನೆಯ ಐದು ಕಿ.ಮೀ. ಮಾತ್ರ ಆಳವಾದ ಮರಳು, ಅಲ್ಲಿಗೆ ಶಟಲ್ ವಾಹನ ಸಿಗುತ್ತದೆ. ಆದರೂ ನೆಲದಿಂದ ಎತ್ತರವಿರುವ ಗಾಡಿಯಾದರೆ ಜಲ್ಲಿರಸ್ತೆಯಲ್ಲಿ ನೆಮ್ಮದಿ. ಮರಳಿಗೆ ಇಳಿಯುವವರು ಟೈರಿನ ಗಾಳಿಯನ್ನು ತಗ್ಗಿಸಿ, ಡಾಂಬರಿಗೆ ಮರಳಿದೊಡನೆ ತುಂಬಿಸಿಕೊಳ್ಳಬೇಕಾಗುವುದರಿಂದ, ಚಿಕ್ಕ ಏರ್ ಕಂಪ್ರೆಸರ್ ಜೊತೆಗಿರಲಿ.

ವಿಮೆಯ ಕರಾರನ್ನು ಸಾವಧಾನವಾಗಿ ಓದಿ. ಟೈರು, ಗಾಜು ಹಾಗೂ ಗಾಡಿಯ ತಳಭಾಗದ ಹಾನಿ ಮೂಲ ವಿಮೆಯಲ್ಲಿ ಅನೇಕ ವೇಳೆ ಸೇರಿರುವುದಿಲ್ಲ. ಜಲ್ಲಿಯ ಮೇಲೆ ವೇಗವಾಗಿ ಓಡಿಸಿ ಪಲ್ಟಿಯಾದರೂ, ಕತ್ತಲಾದ ಮೇಲೆ ಓಡಿಸಿ ಅಪಘಾತವಾದರೂ ಪರಿಹಾರ ದೊರೆಯದಿರಬಹುದು. ಕತ್ತಲಲ್ಲಿ ಕುಡು, ಓರಿಕ್ಸ್‌ನಂತಹ ದೊಡ್ಡ ಪ್ರಾಣಿಗಳು ರಸ್ತೆಗೆ ಅಡ್ಡ ಬರುವುದರಿಂದ ಈ ಷರತ್ತು ನನಗಂತೂ ನ್ಯಾಯವೆಂದೇ ತೋರುತ್ತದೆ. ಅಲ್ಲಿಯೂ ನಮ್ಮಂತೆ ಎಡಗಡೆಯ ಸಂಚಾರ, ಆ ಮಟ್ಟಿಗೆ ಸಲೀಸು. ಪೆಟ್ರೋಲ್ ಬಂಕ್‌ಗಳು ದೂರ ದೂರ ಇರುವುದರಿಂದ, ಸಾಲಿಟೇರ್‌ನಂತಹ ಸಣ್ಣ ಊರು ಸಿಕ್ಕಾಗಲೂ ಟ್ಯಾಂಕ್ ತುಂಬಿಸಿಯೇ ಮುಂದೆ ಹೊರಡಿ.