ಮನೇಲಿ ಆಗದ್ದಕ್ಕೆ ಮಾತ್ರ ಗುಂಪು: ನಮ್ಮ ಹೋಮ್‌ಸ್ಕೂಲಿಂಗ್ ಅನುಭವ

ನಾವು ನಾಲ್ಕು ಮನೆಯೋರು ಸೇರ್ಕೊಂಡು ಮಕ್ಕಳನ್ನ ಶಾಲೆಗೆ ಕಳಿಸದೆ ನಾವೇ ಓದಿಸ್ತಾ ಇದೀವಿ. ಸೇರ್ಕೊಂಡು ಅಂದ್ರೆ ದಿನಾ ಅಲ್ಲ, ವಾರಕ್ಕೆ ಎರಡು ಅರ್ಧ ದಿನ ಅಷ್ಟೇ, ಮಿಕ್ಕಿದ್ದೆಲ್ಲ ಅವರವರ ಮನೇಲಿ ಅವರವರ ರೀತಿ. ನನಗೆ ಇಬ್ರು ಮಕ್ಕಳು, ದೊಡ್ಡೋಳು ಹನ್ನೆರಡು ದಾಟಿದಾಳೆ, ಚಿಕ್ಕೋನಿಗೆ ಏಳು. ನಾನೂ ನನ್ನ ಹೆಂಡತೀನೂ ಹೊತ್ತು ಹಂಚ್ಕೊಂಡಿದೀವಿ, ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ಅವಳು. ಹೊಸದಾಗಿ ಶುರು ಮಾಡೋರು ಬಂದು ಯಾವ ಸಿಲಬಸ್, ಯಾವ ಪುಸ್ತಕ ಅಂತ ಕೇಳ್ತಾರೆ, ಅದಕ್ಕೆ ಉತ್ತರ ಎಲ್ಲಾದ್ರೂ ಸಿಗತ್ತೆ. ಬೇರೆ ಮನೆಯೋರ ಜೊತೆ ಏನನ್ನ ಹಂಚ್ಕೋಬೇಕು ಏನನ್ನ ಹಂಚ್ಕೋಬಾರ್ದು ಅನ್ನೋದನ್ನ ಯಾರೂ ಕೇಳಲ್ಲ, ನನ್ನ ಕಣ್ಣಲ್ಲಿ ಗುಂಪು ಉಳಿಯೋದು ಒಡೆಯೋದು ಎರಡೂ ಅಲ್ಲೇ, ಅದಕ್ಕೆ ಅದನ್ನೇ ಬರೀತಿದೀನಿ.

ಮೊದಲು ಮನೆ ವಿಷಯ ಬೇಗ ಮುಗಿಸಿಬಿಡ್ತೀನಿ. ಚಿಕ್ಕ ಮಕ್ಕಳಿಗೆ ಕೂತು ಓದೋ ಹೊತ್ತು ಅಂತ ದಿನಕ್ಕೆ ಎರಡು ಗಂಟೆ ಸಾಕೇ ಸಾಕು, ನಂಬಕ್ಕೆ ಕಷ್ಟ ಆಗತ್ತೆ ಆದ್ರೆ ಕ್ಲಾಸಲ್ಲಿ ಹಾಜರಿ, ಸಾಲು, ಬೇರೆಯೋರು ಮುಗಿಸೋ ತನಕ ಕಾಯೋದು ಇದೆಲ್ಲ ತೆಗೆದ್ರೆ ಒಂದು ಮಗುವಿಗೆ ನಿಜವಾಗಿ ಸಿಗೋ ಪಾಠದ ಹೊತ್ತು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಪಾಠ ಚಿಕ್ಕದಿರಬೇಕು, ಹದಿನೈದು ಇಪ್ಪತ್ತು ನಿಮಿಷ, ಮುಗಿದ ತಕ್ಷಣ ಬೇರೆ ಥರದ ಕೆಲಸ. ಇದು ನಾನು ಕಂಡುಹಿಡಿದಿದ್ದೇನಲ್ಲ, ಬ್ರಿಟನ್‌ನ ಶಾರ್ಲಟ್ ಮೇಸನ್ ಅಂತ ಒಬ್ಬ ಶಿಕ್ಷಕಿ (1842ರಿಂದ 1923) ಇದನ್ನೇ ಹೇಳ್ತಿದ್ರು, ಇನ್ನೊಂದನ್ನೂ ಹೇಳಿದ್ರು, ಮಗು ಒಂದು ಸಲ ಓದಿ ಅಥವಾ ಕೇಳಿ ಆಮೇಲೆ ತನ್ನ ಮಾತಲ್ಲಿ ವಾಪಸ್ ಹೇಳಬೇಕು ಅಂತ. ನಮ್ಮನೇಲಿ ಪ್ರಶ್ನೆ ಉತ್ತರ ಬರ್ಸೋದನ್ನ ಬಿಟ್ಟು ಇದನ್ನೇ ಹಿಡ್ಕೊಂಡಿದೀವಿ. ಚಿಕ್ಕೋನು ಕಥೆಯಲ್ಲಿ ಇಲ್ಲದ ಆನೆನೂ ಸೇರಿಸಿ ಹೇಳ್ತಾನೆ, ಆದ್ರೂ ಅವನಿಗೆ ಎಷ್ಟು ಹತ್ತಿದೆ ಎಷ್ಟು ಹತ್ತಿಲ್ಲ ಅನ್ನೋದು ಅದರಲ್ಲೇ ಗೊತ್ತಾಗಿಬಿಡತ್ತೆ.

ಶಾಲೆ ಬಿಡಿಸಿ ಕರ್ಕೊಂಡು ಬಂದ ಮಗು ಆದ್ರೆ ಮೊದಲ ಕೆಲವು ತಿಂಗಳು ಪಾಠನೇ ಬೇಡ. ಹೋಮ್‌ಸ್ಕೂಲಿಂಗ್ ಮಾಡೋರ ಮಧ್ಯ ಒಂದು ಅಂದಾಜು ಓಡಾಡತ್ತೆ, ಶಾಲೇಲಿ ಎಷ್ಟು ವರ್ಷ ಇತ್ತೋ ಅಷ್ಟು ತಿಂಗಳು ಬಿಡು ಅಂತ, ಇದನ್ನ ಡೀಸ್ಕೂಲಿಂಗ್ ಅಂತಾರೆ. ಯಾರೂ ಅಳೆದು ನೋಡಿ ಹೇಳಿದ್ದಲ್ಲ, ಆದ್ರೆ ಅಪ್ಪ ಅಮ್ಮಂದಿರ ಗಡಿಬಿಡಿಗೆ ಒಂದು ಕಡಿವಾಣ ಇದ್ದ ಹಾಗೆ ಒಳ್ಳೇದೇ.

ಈಗ ಗುಂಪು. ನಮ್ಮ ನಾಲ್ಕು ಮನೆಯಲ್ಲಿ ಒಂದು ಮನೆಯೋರು ಪೂರ್ತಿ ಅನ್‌ಸ್ಕೂಲಿಂಗ್, ಮಗು ಕೇಳಿದಾಗ ಕಲಿಸೋದು ಇಲ್ಲಾಂದ್ರೆ ಇಲ್ಲ. ಇನ್ನೊಂದು ಮನೇಲಿ ಗೋಡೆ ಮೇಲೆ ಟೈಮ್‌ಟೇಬಲ್, ಎಂಟೂವರೆಗೆ ಅಂದ್ರೆ ಎಂಟೂವರೆಗೇ. ನಾವು ಮಧ್ಯದಲ್ಲಿ ಎಲ್ಲೋ ಇದೀವಿ. ಇಂಥ ಜನ ಕೂತು ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಮಾತಾಡಿದ್ರೆ ಏನಾಗತ್ತೆ ಗೊತ್ತಲ್ಲ. ಮೊದಮೊದಲು ಅದೇ ಆಗಿದ್ದು, ಟೈಮ್‌ಟೇಬಲ್ ಅಕ್ಕ ಒಂದು ಮಾತು, ಅನ್‌ಸ್ಕೂಲಿಂಗ್ ಅಣ್ಣ ಒಂದು ಮಾತು, ಮಕ್ಕಳು ಪಕ್ಕದ ರೂಮಲ್ಲಿ ತಮ್ಮ ಪಾಡಿಗೆ ಮನೆ ಕಟ್ಟೋ ಆಟ ಆಡ್ಕೊಂಡು ಆರಾಮಾಗಿದ್ರು. ಅಲ್ಲಿಂದಲೇ ನಮಗೆ ದಾರಿ ಸಿಕ್ಕಿದ್ದು ಅನ್ಸತ್ತೆ. ಒಂದೇ ಮಾತಿಗೆ ಒಪ್ಕೊಂಡ್ವಿ, ಮನೇಲಿ ಒಬ್ಬೊಬ್ಬರೇ ಮಾಡಕ್ಕಾಗೋ ಯಾವುದನ್ನೂ ಗುಂಪಲ್ಲಿ ಮಾಡೋದು ಬೇಡ, ಮಗ್ಗಿ ಬೇಡ, ಕಾಗುಣಿತ ಬೇಡ, ಯಾರ ಮಗು ಎಲ್ಲಿದೆ ಅನ್ನೋ ಮಾತೂ ಬೇಡ. ಜನ ಸೇರಿದ್ರೇ ಆಗೋದು ಏನಿದೆಯೋ ಅದು ಮಾತ್ರ: ನಾಟಕ, ವಾದ ಮಾಡೋದು, ಟೀಮ್ ಆಟ, ಹಾಡು, ಒಟ್ಟಿಗೆ ಕೂತು ಗಟ್ಟಿಯಾಗಿ ಓದೋದು, ತುಂಬ ಕೈ ಬೇಕಾಗೋ ಪ್ರಯೋಗ.

ಇದಾದ ಮೇಲೆ ಜಗಳ ನಿಂತಿತು ಅಂತ ಹೇಳಲ್ಲ, ಕಮ್ಮಿ ಆಯ್ತು, ಯಾಕಂದ್ರೆ ಯಾರ ಪದ್ಧತಿಗೂ ಯಾರೂ ಕೈ ಹಾಕ್ತಿಲ್ಲ.

ಎಂಥ ಪ್ರಯೋಗ ಅಂತ ಕೇಳ್ತೀರಲ್ಲ, ನನಗೆ ಬಹಳ ಇಷ್ಟ ಆಗಿದ್ದನ್ನ ಹೇಳ್ತೀನಿ. ಸುಮಾರು ಕ್ರಿಸ್ತಪೂರ್ವ 240ರಲ್ಲಿ ಎರಟೋಸ್ತನೀಸ್ ಅನ್ನೋ ಗ್ರೀಕ್ ಪಂಡಿತ ನೆರಳು ಅಳೆದು ಭೂಮಿ ಸುತ್ತಳತೆ ಲೆಕ್ಕ ಹಾಕಿದ್ನಲ್ಲ, ಈಜಿಪ್ಟಿನ ಸಿಯೆನ್ ಊರಲ್ಲಿ ಸೂರ್ಯ ನೆತ್ತಿ ಮೇಲಿದ್ದಾಗ ಅದರ ಉತ್ತರಕ್ಕಿರೋ ಅಲೆಕ್ಸಾಂಡ್ರಿಯಾದಲ್ಲಿ 7.2 ಡಿಗ್ರಿ ವಾಲಿತ್ತು, ಅಂದ್ರೆ ವೃತ್ತದ ಐವತ್ತನೇ ಒಂದು ಭಾಗ, ಹಾಗಾಗಿ ಎರಡು ಊರಿನ ದೂರದ ಐವತ್ತರಷ್ಟು ಭೂಮಿ ಸುತ್ತಳತೆ. ಇದನ್ನ ಪುಸ್ತಕದಲ್ಲಿ ಓದಿದ್ರೆ ಎರಡು ನಿಮಿಷದ ವಿಷಯ. ಮಾಡಬೇಕಂದ್ರೆ ದೂರದಲ್ಲಿ ಇನ್ನೊಂದು ಮನೆ ಬೇಕು. ನಮ್ಮಿಂದ ಉತ್ತರಕ್ಕೆ ದೂರದ ಊರಲ್ಲಿ ಇನ್ನೊಂದು ಹೋಮ್‌ಸ್ಕೂಲಿಂಗ್ ಮನೆಯೋರ ಪರಿಚಯ ಇತ್ತು, ಅವರನ್ನ ಒಪ್ಪಿಸಿ ಒಂದೇ ದಿನ ಎರಡೂ ಕಡೆ ಒಂದು ಮೀಟರಿನ ಕೋಲು ನೆಟ್ವಿ. ಗಡಿಯಾರದ ಹನ್ನೆರಡು ಗಂಟೆ ನಂಬಂಗಿಲ್ಲ, ಸೂರ್ಯ ಅತಿ ಮೇಲೆ ಬರೋ ಹೊತ್ತು ಊರಿಂದ ಊರಿಗೆ ಬೇರೆ, ಅದಕ್ಕೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕ್ತಾ ಹೋಗಿ ಎಲ್ಲಕ್ಕಿಂತ ಗಿಡ್ಡ ನೆರಳನ್ನ ತಗೊಂಡ್ವಿ. ಒಬ್ಬ ಹೊತ್ತು ಕೂಗೋನು, ಒಬ್ಬಳು ಗುರುತು ಹಾಕೋಳು, ಒಬ್ಬ ಬರ್ಕೊಳ್ಳೋನು, ಚಿಕ್ಕೋನಿಗೆ ಕೋಲು ಅಲ್ಲಾಡದ ಹಾಗೆ ಕಾಯೋ ಕೆಲಸ, ಅವನಿಗೆ ಅದೇ ದೊಡ್ಡ ಡ್ಯೂಟಿ. ದೊಡ್ಡ ಮಕ್ಕಳಿಗೂ ತ್ರಿಕೋನಮಿತಿ ಬರಲ್ಲ, ಪರವಾಗಿಲ್ಲ, ಕೋಲನ್ನೂ ನೆರಳನ್ನೂ ಹತ್ತು ಪಾಲು ಚಿಕ್ಕದು ಮಾಡಿ ಪೇಪರ್ ಮೇಲೆ ತ್ರಿಕೋನ ಬರೆದು ಕೋನಮಾಪಕ ಇಟ್ರೆ ಕೋನ ಸಿಗತ್ತೆ.

ದೂರ ಎಷ್ಟು ಅಂತ ಬಂದಾಗ ಒಂದು ತಕರಾರು ಶುರುವಾಯ್ತು. ನನ್ನ ಮಗಳು ಮ್ಯಾಪ್ ನೋಡಿ ಆ ಊರು ನೆಟ್ಟಗೆ ಉತ್ತರಕ್ಕಿಲ್ಲ, ಸ್ವಲ್ಪ ಪಕ್ಕಕ್ಕಿದೆ, ಹಾಗಾದ್ರೆ ರಸ್ತೆ ಕಿಲೋಮೀಟರ್ ಹಾಕಿದ್ರೆ ತಪ್ಪಲ್ವಾ ಅಂದ್ಲು. ಸರಿನೇ. ಮ್ಯಾಪಿನ ಸ್ಕೇಲಿಂದ ದಕ್ಷಿಣೋತ್ತರ ದೂರ ಮಾತ್ರ ಅಳೆದ್ವಿ, 400 ಕಿಲೋಮೀಟರ್ ಹತ್ರ ಬಂತು. ಎರಡೂ ಕಡೆ ಕೋನದ ವ್ಯತ್ಯಾಸ 3.4 ಡಿಗ್ರಿ, 360ನ್ನ ಅದರಿಂದ ಭಾಗಿಸಿ 400ರಿಂದ ಗುಣಿಸಿದ್ರೆ 42,000ಕ್ಕೂ ಚೂರು ಜಾಸ್ತಿ. ನಿಜವಾದ ಸುತ್ತಳತೆ 40,000 ಕಿಲೋಮೀಟರ್ ಆಸುಪಾಸು. ಇಷ್ಟು ಹತ್ರ ಬಂದಿದ್ದೇ ನಮಗೆ ಆಶ್ಚರ್ಯ, ಮಕ್ಕಳಿಗೆ ಮಾತ್ರ ಆ ಜಾಸ್ತಿ 2,000 ಎಲ್ಲಿಂದ ಬಂತು ಅನ್ನೋ ಚಿಂತೆ. ನೆರಳಿನ ತುದಿ ಮಸುಕಾಗಿರತ್ತೆ, ಯಾಕಂದ್ರೆ ಸೂರ್ಯ ಚುಕ್ಕಿ ಅಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದಾನೆ, 400 ಕಿಲೋಮೀಟರಿಗೆ ಬರಬೇಕಿದ್ದದ್ದು 3.6 ಡಿಗ್ರಿ, ನಮಗೆ ಬಂದಿದ್ದು 3.4, ಹಾಗಾಗಿ ನಮ್ಮ ತಪ್ಪು 0.2 ಡಿಗ್ರಿ ಆ ಮಸುಕಿನೊಳಗೇ ಅಡಗಿಬಿಡತ್ತೆ. ಇದನ್ನ ಆ ಇನ್ನೊಂದು ಊರಿನ ಹುಡುಗ ಫೋನಲ್ಲಿ ಇವರಿಗೆ ವಿವರಿಸ್ದ, ನಮ್ಮಲ್ಲಿ ಯಾರೂ ಬಾಯಿ ಹಾಕಲಿಲ್ಲ.

ದೂರದ ಮನೆಗಳ ಜೊತೆ ಸಂಪರ್ಕ ಇಟ್ಕೊಳ್ಳೋದು ಹೊಸ ಫ್ಯಾಶನ್ ಅಲ್ಲ ಕಣ್ರೀ. ಅಮೆರಿಕದಲ್ಲಿ ಜಾನ್ ಹೋಲ್ಟ್ ಅನ್ನೋರು, ಅನ್‌ಸ್ಕೂಲಿಂಗ್ ಅನ್ನೋ ಮಾತನ್ನ ಬಳಕೆಗೆ ತಂದೋರು, 1977ರಲ್ಲಿ ಇಂಥ ಮನೆಗಳಿಗೋಸ್ಕರಾನೇ ಒಂದು ಪತ್ರಿಕೆ ಶುರು ಮಾಡಿದ್ರು, ಅದರ ತುಂಬ ಓದುಗರ ಪತ್ರಗಳೇ, ಜೊತೆಗೆ ಯಾವ ಯಾವ ಮನೆಯೋರನ್ನ ಸಂಪರ್ಕ ಮಾಡಬಹುದು ಅನ್ನೋ ಪಟ್ಟಿ. ಆಗ ಎಷ್ಟೋ ಜನಕ್ಕೆ ತಮ್ಮ ಸುತ್ತಮುತ್ತ ಇಂಥೋರು ಇನ್ನೊಬ್ಬರಿದಾರೆ ಅನ್ನೋದೇ ಗೊತ್ತಿರಲಿಲ್ಲ. ಈಗ ಗ್ರೂಪ್‌ಗಳಿಗೆ ಬರ ಇಲ್ಲ, ಆದ್ರೆ ಅವುಗಳಲ್ಲಿ ಸಲಹೆ ಕೊಡೋರೇ ಜಾಸ್ತಿ, ನಿಮ್ಮ ಮಗುನ ಮಂಗಳವಾರ ಮೂರು ಗಂಟೆ ನಾನು ನೋಡ್ಕೋತೀನಿ ಬಿಡಿ ಅನ್ನೋರು ಎಷ್ಟು ಜನ ಸಿಗ್ತಾರೆ ಹೇಳಿ. ನನಗೆ ಬೇಕಾಗಿದ್ದು ಅವರು.

ದೊಡ್ಡೋರ ಮಧ್ಯೆ ಹಂಚ್ಕೊಳ್ಳೋದು ಅಂದ್ರೆ ನಮ್ಮಲ್ಲಿ ಹೊತ್ತು ಹಂಚ್ಕೊಳ್ಳೋದು. ಟೈಮ್‌ಟೇಬಲ್ ಅಕ್ಕನಿಗೆ ಆಪರೇಷನ್ ಆದಾಗ ಅವರ ಮಕ್ಕಳಿಬ್ಬರು ಬೇರೆ ಮೂರು ಮನೆಗಳಲ್ಲಿ ಸರದಿ ಮೇಲೆ ಇದ್ರು, ಎಂಟೂವರೆ ಟೈಮ್‌ಟೇಬಲ್ ಎಲ್ಲೂ ನಡೀಲಿಲ್ಲ, ಅಕ್ಕನೂ ಕೇಳಲಿಲ್ಲ. ಮಾಮೂಲಿ ದಿನಗಳಲ್ಲೂ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಪೂರ್ತಿ ದಿನ ಬಿಡುವು, ಆ ದಿನ ಅವರ ಮಕ್ಕಳು ಇನ್ನೊಂದು ಮನೇಲಿ. ಹೋಮ್‌ಸ್ಕೂಲಿಂಗ್ ಬಿಟ್ಟೋರನ್ನ ನೋಡಿದೀನಿ, ಮಗು ಕಲೀಲಿಲ್ಲ ಅಂತ ಬಿಟ್ಟೋರು ಕಮ್ಮಿ, ಅಪ್ಪನೋ ಅಮ್ಮನೋ ಸುಸ್ತಾಗಿ ಬಿಟ್ಟೋರೇ ಹೆಚ್ಚು, ಅದಕ್ಕೆ ಈ ಬಿಡುವನ್ನ ನಾವು ಯಾವ ಕಾರಣಕ್ಕೂ ತಪ್ಪಿಸಲ್ಲ.

ಕೆಲವು ಸಣ್ಣ ಕಟ್ಟುಪಾಡು ಇದಾವೆ. ಮಕ್ಕಳ ಜೊತೆ ಯಾವಾಗ್ಲೂ ಇಬ್ರು ದೊಡ್ಡೋರು ಇರಬೇಕು, ಒಬ್ಬರೇ ಅಂತ ಯಾರ ಮನೇಲೂ ಗುಂಪು ಸೇರಲ್ಲ, ಎಷ್ಟೇ ಪರಿಚಯ ಇದ್ರೂ ಇದರಲ್ಲಿ ರಾಜಿ ಇಲ್ಲ, ಹೊಸಬರಿಗೆ ಬೇಜಾರಾದ್ರೆ ಆಗಲಿ. ಬರಕ್ಕಾಗಲ್ಲ ಅಂದ್ರೆ ಹಿಂದಿನ ರಾತ್ರಿನೇ ಹೇಳಬೇಕು. ದುಡ್ಡು ಸಾಮಾನು ಖರ್ಚಿಗೆ ಮಾತ್ರ, ಪಾಠಕ್ಕೆ ಯಾರಿಗೂ ಕೊಡಲ್ಲ ತಗೊಳ್ಳಲ್ಲ. ಒಬ್ಬರ ಮನೆ ತಾತ ಮರಗೆಲಸ ಮಾಡ್ತಿದ್ದೋರು, ಅವರು ಬಂದು ಗರಗಸ ಹಿಡಿಯೋದು ಕಲಿಸಿದಾಗ ಏನಾದ್ರೂ ಕೊಡೋಣ ಅಂತ ಹೋದ್ವಿ, ಬೈದು ಕಳಿಸಿದ್ರು. ಪುಸ್ತಕಕ್ಕೆ ಒಂದು ಡಬ್ಬ ಇದೆ, ತಿಂಗಳಿಗೊಂದು ಮನೆ ಸುತ್ತತ್ತೆ, ಒಳಗೆ ಒಂದು ನೋಟ್‌ಬುಕ್, ಯಾರು ಯಾವ ಪುಸ್ತಕ ಇಟ್ಕೊಂಡ್ರು ಅಂತ ಮಕ್ಕಳೇ ಬರೀಬೇಕು. ದೊಡ್ಡೋರಿಗೆ ಬರೆಯೋಕೆ ಬಿಟ್ಟಾಗ ಅರ್ಧ ಪುಸ್ತಕ ಮಾಯ ಆಗಿತ್ತು, ಮಕ್ಕಳ ಕೈಗೆ ಕೊಟ್ಟ ಮೇಲೆ ವಸೂಲಿ ಜೋರು.

ಹಿಂದೆ ಬೀಳ್ತಾರೇನೋ ಅನ್ನೋ ಭಯದ ಬಗ್ಗೆ ಒಂದು ವಿಷಯ. 1929ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಅನ್ನೋ ಊರಲ್ಲಿ ಶಾಲೆಗಳ ಮುಖ್ಯಸ್ಥರಾಗಿದ್ದ ಬೆನೆಜೆಟ್ ಅನ್ನೋರು ಕೆಲವು ತರಗತಿಗಳಲ್ಲಿ ಗಣಿತದ ಲೆಕ್ಕ ಮಾಡಿಸೋದನ್ನ ಆರನೇ ಕ್ಲಾಸಿನ ತನಕ ಮುಂದಕ್ಕೆ ಹಾಕಿಸಿದ್ರು, ಬದಲಿಗೆ ಓದಿ ಮಾತಾಡೋದು, ಅಂದಾಜು ಮಾಡೋದು. ಆ ಮಕ್ಕಳು ಆರನೇ ಕ್ಲಾಸಲ್ಲಿ ಲೆಕ್ಕ ಶುರು ಮಾಡಿ ವರ್ಷದೊಳಗೆ ಮಿಕ್ಕೋರನ್ನ ಹಿಡಿದ್ರು. ಇದನ್ನ ಕೇಳಿ ಗಣಿತ ಬಿಟ್ಬಿಡಿ ಅಂತ ಹೇಳ್ತಿಲ್ಲ, ನಾವೇ ಬಿಟ್ಟಿಲ್ಲ. ನಮ್ಮ ಗುಂಪಲ್ಲಿ ಒಂದು ಹುಡುಗಿ ಒಂಬತ್ತು ವರ್ಷದ ತನಕ ಓದಕ್ಕೆ ಒಲ್ಲೆ ಅಂತಿದ್ಲು, ಅವರಮ್ಮ ಅಳೋ ಥರ ಆದಾಗೆಲ್ಲ ಈ ಕಥೆನ ಯಾರಾದ್ರೂ ಎತ್ತೋರು. ಜೊತೆಗೆ ಕಣ್ಣು ಕಿವಿ ತೋರ್ಸಿ, ಓದೋದ್ರಲ್ಲೇ ಏನಾದ್ರೂ ತೊಡಕಿದೆಯಾ ಅಂತ ಪರೀಕ್ಷೆ ಮಾಡ್ಸಿ ಅಂತಾನೂ ಹೇಳಿದ್ವಿ, ಯಾಕಂದ್ರೆ ಕಾಯೋದು ಬೇರೆ, ಕಣ್ಮುಚ್ಚಿ ಕೂರೋದು ಬೇರೆ.

ಒಂದು ಮನೆಯ ಮಗ ಹೋದ ವರ್ಷ ತಾನೇ ಕೇಳಿ ಶಾಲೆಗೆ ಸೇರ್ದ. ಅವನಿಗೆ ದಿನಾ ಕ್ರಿಕೆಟ್ ಟೀಮ್ ಬೇಕಿತ್ತು. ಅವರಪ್ಪ ನಮಗೆ ಹೇಳಕ್ಕೆ ಮುಜುಗರ ಪಟ್ಕೊಂಡಿದ್ರು, ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಅವನು ಈಗಲೂ ಶನಿವಾರ ನಾಟಕಕ್ಕೆ ಬರ್ತಾನೆ. ಶಾಲೆ ಬಾಗಿಲು ಮುಚ್ಕೋಬಾರ್ದು ಅಂತಾನೇ ಎಲ್ಲರೂ ಫೈಲ್ ಇಟ್ಟಿರೋದು, ತಿಂಗಳಿಗೆ ಒಂದು ಪುಟ ಏನೇನು ಮಾಡಿದ್ವಿ ಅಂತ, ಜೊತೆಗೆ ತಾರೀಖು ಹಾಕಿದ ಬರಹ, ಚಿತ್ರ, ಲೆಕ್ಕದ ಒಂದೊಂದು ಹಾಳೆ. ಅವನ ಅಡ್ಮಿಷನ್‌ಗೆ ಆ ಫೈಲ್ ಕೆಲಸಕ್ಕೆ ಬಂತು. ಕಾನೂನು ಮಾತ್ರ ದೇಶಕ್ಕೊಂದು ಥರ, ಇಂಗ್ಲೆಂಡಲ್ಲಿ 1996ರ ಎಜುಕೇಶನ್ ಆಕ್ಟ್ ಪ್ರಕಾರ ಶಾಲೆಯಲ್ಲೋ ಬೇರೆ ರೀತಿಯಲ್ಲೋ ಕಲಿಸಿದ್ರೆ ಆಯ್ತು, ಜರ್ಮನಿಯಲ್ಲಿ ಶಾಲೆಗೇ ಕಳಿಸಬೇಕು. ಶುರು ಮಾಡೋ ಮುಂಚೆ ನೀವಿರೋ ಕಡೆ ಏನಿದೆ ಅಂತ ಕಾಗದದ ಮೇಲೆ ಓದ್ಕೊಳ್ಳಿ, ಯಾರೋ ಗ್ರೂಪಲ್ಲಿ ಹೇಳಿದ್ದನ್ನ ನಂಬಬೇಡಿ, ನಾನು ಹೇಳಿದ್ದನ್ನೂ.

ಈಗ ನಮ್ಮ ತಲೆಬಿಸಿ ಬೋರ್ಡ್ ಪರೀಕ್ಷೆ. ದೊಡ್ಡ ಮಕ್ಕಳಿಬ್ಬರು ಇನ್ನೆರಡು ವರ್ಷದಲ್ಲಿ ಖಾಸಗಿ ಅಭ್ಯರ್ಥಿಗಳಾಗಿ ಬರೀಬೇಕು ಅಂತಿದಾರೆ. ಥಿಯರಿ ಮನೇಲೇ ಆಗತ್ತೆ, ನೋಂದಣಿ ತಿಂಗಳುಗಟ್ಟಲೆ ಮುಂಚೆನೇ ಮುಗಿದುಹೋಗತ್ತೆ ಹಾಗಾಗಿ ಕೊನೆ ತಾರೀಖು ಕ್ಯಾಲೆಂಡರಲ್ಲಿ ಬರೆದಿಟ್ಟಾಯ್ತು, ಎಲ್ಲಾ ದಾಖಲೇಲೂ ಹೆಸರಿನ ಸ್ಪೆಲ್ಲಿಂಗು ಹುಟ್ಟಿದ ತಾರೀಖು ಒಂದೇ ಥರ ಇದೆಯಾ ಅಂತ ನೋಡೋ ಕೆಲಸನ ಟೈಮ್‌ಟೇಬಲ್ ಅಕ್ಕನಿಗೆ ಬಿಟ್ಟಿದೀವಿ, ಅವರ ಕಣ್ಣಿಂದ ಏನೂ ತಪ್ಪಲ್ಲ. ಸಿಕ್ಕಾಕೊಂಡಿರೋದು ಪ್ರಾಕ್ಟಿಕಲ್, ಕೆಮಿಸ್ಟ್ರಿ ಲ್ಯಾಬ್ ಯಾರ ಮನೇಲೂ ಇಲ್ಲ. ಹೊರಗಿನ ಮಕ್ಕಳನ್ನ ಸೇರಿಸ್ಕೊಳ್ಳೋ ಲ್ಯಾಬ್ ಹುಡುಕಿ ಇಬ್ಬರಿಗೂ ಸೇರಿಸಿ ಒಂದು ಬ್ಯಾಚ್ ಕೇಳಬೇಕು, ಆ ಕೆಲಸ ನನ್ನ ಪಾಲಿಗೆ ಬಂದಿದೆ, ಇನ್ನೂ ಯಾರೂ ಹೂಂ ಅಂದಿಲ್ಲ.