ತದ್ಭವದ ಪಟ್ಟಿಗೆ ನಾ ಹಾಕಿದ ಮೂರನೇ ಕಾಲಂ

ಕಲಬುರಗಿ ಕಡಿ ಹೈಸ್ಕೂಲಿನ್ಯಾಗ ಕನ್ನಡ ಹೇಳ್ತೀನ್ರಿ. ತತ್ಸಮ-ತದ್ಭವ (ಸಂಸ್ಕೃತದಿಂದ ಇದ್ದಂಗೇ ಬಂದ ಶಬ್ದ, ಕನ್ನಡದಾಗ ರೂಪ ಬದಲಾದ ಶಬ್ದ) ಅಂದ್ರ ಹುಡುಗ್ರು ವರ್ಣ-ಬಣ್ಣ, ಪರ್ವ-ಹಬ್ಬ, ಸಂಧ್ಯಾ-ಸಂಜೆ ಅಂತ ಬಾಯಿಪಾಠ ಮಾಡಿ ಪರೀಕ್ಷಾದಾಗ ಬರದು ಮರತು ಬಿಡ್ತಾರ, ಅದಕ್ಕ ನಾ ಪಟ್ಟಿ ಕೊಡೋದು ಬಿಟ್ಟು ಅವರ ಕಡಿಂದನೇ ಜೋಡಿ ಹುಡುಕಸ್ಲಿಕ್ಕೆ ಶುರು ಮಾಡಿದೆ. ಷರತ್ತು ಒಂದೇ, ಎರಡೂ ಶಬ್ದ ಮಂದಿ ಬಾಯಾಗ ಇರಬೇಕು, ಎರಡರ ಕೆಲಸಾನೂ ಬ್ಯಾರೆ ಇರಬೇಕು. ಕಾಶಿಗೆ ಹೋದ್ರ ಯಾತ್ರೆ, ಶರಣಬಸವೇಶ್ವರ ತೇರಿಗೆ ಹೋದ್ರ ಜಾತ್ರೆ. ಯೋಗಿ-ಜೋಗಿನೂ ಹಂಗೇ. ವಿದ್ಯೆಗೆ ಬಿಜ್ಜೆ ಅಂತ ಯಾರೂ ಅನ್ನಂಗಿಲ್ಲ, ತಗದು ಹಾಕಿದೆ.

ಡೌಟ್ ಬಂದ್ರ 1894ರ ಕಿಟೆಲ್ ನಿಘಂಟು ನೋಡ್ತೀನಿ, ತದ್ಭವ ಇದ್ರ ಅದರಾಗ ಗುರುತು ಹಾಕ್ಯಾರ.

ಖರೇ ಮಜಾ ಮೂರನೇ ಕಾಲಂದಾಗ ಅದ, ಅದರಾಗ ಸಂಸ್ಕೃತ ಶಬ್ದಕ್ಕ ಜೋಡಿ ಆಗೋ ಫಾರ್ಸಿ ಶಬ್ದ ಬರಿಯೋದು. 1948ರ ತನಕ ನಮ್ಮದು ನಿಜಾಮನ ಸೀಮಿ, ಕಚೇರಿ ಎಲ್ಲಾ ಉರ್ದುದಾಗ, ಹಿಂಗಾಗಿ ಫಾರ್ಸಿ ಶಬ್ದ ನಮ್ಮ ಮನಿ ಮಾತಿನ್ಯಾಗೇ ಅವ. ಫಾರ್ಸಿ, ಸಂಸ್ಕೃತ ಎರಡೂ ಒಂದೇ ಮೂಲದ ಭಾಷಾ, ಅಂದ್ರ ಇವು ತದ್ಭವ ಅಲ್ಲ, ಒಂದರಿಂದ ಒಂದು ಹುಟ್ಟಿಲ್ಲ, ಅಕ್ಕ-ತಂಗಿ ಇದ್ದಂಗ, ಇದನ್ನ ಹುಡುಗ್ರಿಗೆ ಮೊದಲೇ ಹೇಳಬೇಕು ಇಲ್ಲಾಂದ್ರ ಪರೀಕ್ಷಾದಾಗ ಬರದು ಬರ್ತಾರ! ಗುಡ್ಯಾಗ ಏಳು ದಿನ ಭಜನಿ ಮಾಡಿದ್ರ ಸಪ್ತಾಹ, ಸಾಲದವನಿಗೆ ವಾರಕ್ಕೊಮ್ಮೆ ಕಟ್ಟಿದ್ರ ಹಫ್ತಾ. ಸಂಸ್ಕೃತದಾಗ ಸ ಇದ್ದಲ್ಲಿ ಫಾರ್ಸಿದಾಗ ಭಾಳ ಕಡಿ ಹ ಇರ್ತದ. ಒಂದೇ ಜೋಡಿ ನೋಡಿ ನಂಬಬಾರದು, ಅದೇ ಬದಲಾವಣಿ ಇನ್ನೂ ಎರಡು ಕಡಿ ಸಿಗಬೇಕು ಅಂತ ರೂಲ್ ಇಟ್ಟೀನಿ. ಮಾಸ ಮತ್ತ ಪಗಾರ ಬಿಲ್ಲಿನ್ಯಾಗ ಬರಿಯೋ ಮಾಹೆ ಸಿಕ್ತು, ಸಿಂಧು-ಹಿಂದೂ ಸಿಕ್ತು, ಆಮೇಲೆ ಒಪ್ಪಿದೆ.

ಗುಡಿಗೆ ಮಹಾದ್ವಾರ, ಬೀದರ ಕೋಟೆಗೆ ಶರ್ಜಾ ದರ್ವಾಜಾ, ದ್ವಾರ ಮತ್ತ ದರ್ ಒಂದೇ ಬುಡ. ನಮ್ಮ ಬಾಗಿಲು ಮಾತ್ರ ಅಚ್ಚಗನ್ನಡ, ಅದಕ್ಕ ಇಲ್ಲಿ ಜಾಗ ಇಲ್ಲ. ದೀನ ಅಂದ್ರ ಬಡವ, ದೀನ್ ಅಂದ್ರ ಧರ್ಮ, ಕೇಳ್ಲಿಕ್ಕೆ ಒಂದೇ ಅನಸ್ತದ ಆದ್ರ ಎರಡನೇದು ಅರಬ್ಬಿಯಿಂದ ಬಂದದ್ದು, ಸಂಬಂಧನೇ ಇಲ್ಲ. ಇಂಥಾವಕ್ಕ ಹಿಂದಿನ ಪುಟದಾಗ ಬ್ಯಾರೆ ಪಟ್ಟಿ.

ನನಗ ಭಾಳ ಸೇರಿದ್ದು ಹಸ್ತ-ದಸ್ತ್. ಹಸ್ತಾಕ್ಷರ ಅಂದ್ರೂ ದಸ್ಕತ್ ಅಂದ್ರೂ ಸಹಿನೇ. ದಸ್ತಗಿರಿ ಅಂದ್ರ ಕೈ ಹಿಡಿಯೋದು, ಅದರಾಗಿನ ‘ಗಿರಿ’ ನಮ್ಮ ‘ಗ್ರಹಣ’ದ ತಂಗಿ. ಪಾಣಿಗ್ರಹಣ ಅಂದ್ರೂ ಕೈ ಹಿಡಿಯೋದೇ. ಪೊಲೀಸ್ರು ಹಿಡಿದ್ರ ಒಂದು, ಮದುವಿ ಹಂದರದಾಗ ಹಿಡಿದ್ರ ಇನ್ನೊಂದು ಅಂದೆ, ಆ ಪೀರಿಯಡ್‌ನ್ಯಾಗ ಮುಂದ ಪಾಠ ಆಗ್ಲಿಲ್ಲ ಬಿಡ್ರಿ.